ತೆರೆಯೂ ಸೆಳವೂ

ಸಮುದ್ರವನ್ನು ಕುರಿತು ಮಾತನಾಡುವ ಅಧಿಕಾರವು ಕರಾವಳಿಯವರಿಗೆ ಮಾತ್ರ ಸಲ್ಲತಕ್ಕದ್ದೆಂದು ಬಯಲುಸೀಮೆಯ ನಮ್ಮಲ್ಲಿ ಅನೇಕರ ಭಾವನೆ. ಸಿಂಧನೂರಿನಿಂದ ನೆಟ್ಟಗೆ ಗೆರೆಯೆಳೆದರೂ ಕಾರವಾರದ ಕಡಲು ಸುಮಾರು ೩೦೦ ಕಿಲೋಮೀಟರು ದೂರ. ನಡುವೆ ಎರೆಯ ಹೊಲ, ಕಲ್ಲುಗುಡ್ಡ, ಮಲೆನಾಡು, ಘಟ್ಟ ಎಲ್ಲವೂ ಅಡ್ಡ ಬಿದ್ದಿವೆ. ನಮ್ಮ ಕಡೆಯ ಹಿರಿಯರಲ್ಲಿ ಕಡಲನ್ನು ಕಣ್ಣಾರೆ ಕಂಡವರೆಂದರೆ ಗೋಕರ್ಣಕ್ಕೋ ರಾಮೇಶ್ವರಕ್ಕೋ ಯಾತ್ರೆ ಹೋಗಿಬಂದ ಕೆಲವರು. ಹೀಗಿದ್ದರೂ ಎರಡು ವರ್ಷಗಳಿಂದ ನಮ್ಮ ಮನೆಯಲ್ಲಿ ಊಟದ ಹೊತ್ತಿನ ಮಾತೆಲ್ಲವೂ ಸಮುದ್ರದ ಮಾತೇ ಆಗಿರುವುದು.

ಇದಕ್ಕೆ ಕಾರಣಳು ನನ್ನ ಮಗಳು. ಇಂಜಿನಿಯರಿಂಗ್ ವ್ಯಾಸಂಗ ಮುಗಿಸಿದವಳು ಬೆಂಗಳೂರಿನ ಉದ್ಯೋಗವನ್ನು ಬಿಟ್ಟು, ಕಡಲ ನೀರಿನಿಂದ ವಿದ್ಯುಚ್ಛಕ್ತಿಯನ್ನು ಪಡೆಯುವ ವಿಷಯವನ್ನು ಓದಲು ಸುರತ್ಕಲ್ಲಿಗೆ ಹೋದಳು. ಎರಡು ವರ್ಷ ಮುಗಿದ ಮೇಲೆ ಅದೇ ವಿಷಯದಲ್ಲಿ ಸಂಶೋಧನೆ ಮಾಡಬೇಕು, ಇನ್ನೂ ನಾಲ್ಕೈದು ವರ್ಷ ಹಿಡಿದೀತು, ಎಂದಳು. ಮನೆಗೆ ಬರಬಹುದಾದ ಸಂಬಳದ ಮಾತು ಹಾಗಿರಲಿ; ಮದುವೆಯ ಮಾತು ಒಂದು ಕಡೆ, ಬಂಧುಬಳಗದ ಮಾತು ಇನ್ನೊಂದು ಕಡೆ. ಎಂಬತ್ತು ದಾಟಿದ ನಮ್ಮ ಅವ್ವನಂತೂ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು: “ಊರಾಗ ಕಾಲುವಿ ನೀರು ಕೊನಿ ಹೊಲಕ್ಕ ಮುಟ್ಟವಲ್ದು, ಈ ಹುಡುಗಿ ಸಮುದ್ರದ ನೀರು ಅಳೆಯಾಕ ಹೊಂಟಾಳ!”

ಅವ್ವನ ಮಾತಿಗೆ ಉತ್ತರ ಹೇಳಬೇಕಾದರೆ ವಿಷಯವನ್ನು ನಾನೂ ತಕ್ಕಮಟ್ಟಿಗೆ ತಿಳಿಯಬೇಕಾಯಿತು. ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವನಿಗೆ ಮಗಳಿಂದ ಪಾಠ ಹೇಳಿಸಿಕೊಳ್ಳುವುದು ಒಂದು ಸಂತೋಷವೇ. ಹಾಗೆ ತಿಳಿದುಕೊಂಡದ್ದನ್ನು, ನನ್ನಂತೆಯೇ ಕಡಲಿನಿಂದ ದೂರವಿರುವ ಗೃಹಸ್ಥರಿಗಾಗಿ ಇಲ್ಲಿ ಬರೆಯುತ್ತಿರುವೆನು.

ಕಡಲಿನ ನೀರಿಗೆ ಮುಖ್ಯವಾಗಿ ಎರಡು ಬಗೆಯ ಚಲನೆಗಳುಂಟು. ಒಂದು ತೆರೆ, ಇನ್ನೊಂದು ಸೆಳವು. ತೆರೆಯು ಗಾಳಿಯ ಮಗು. ಗಾಳಿ ನೀರಿನ ಮೇಲೆ ಬಹುದೂರ, ಬಹುಹೊತ್ತು ಬೀಸಿದಷ್ಟೂ ಅದು ದೊಡ್ಡದಾಗುವುದು. ದಕ್ಷಿಣ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ತೆರೆಗಳು ಎಷ್ಟೋ ದಿನಗಳ ತರುವಾಯ, ಗಾಳಿಯೇ ಇಲ್ಲದ ನಮ್ಮ ಪಶ್ಚಿಮತೀರಕ್ಕೆ ಬಂದು ಬಡಿಯುವುದುಂಟು. ಆದರೆ ಅಷ್ಟು ದೂರ ಬಂದದ್ದು ನೀರಲ್ಲ, ನೀರಿನ ಅಲುಗಾಟ. ತೆರೆ ಹಾಯುವಾಗ ನೀರಿನ ಕಣವೊಂದು ತಾನಿದ್ದಲ್ಲಿಯೇ ಒಂದು ಸುತ್ತು ಸುತ್ತಿ ನಿಲ್ಲುವುದು. ಜೋಳದ ಹೊಲದ ಮೇಲೆ ಗಾಳಿ ಬೀಸಿದಾಗ ಅಲೆಯು ಬದುವಿನಿಂದ ಬದುವಿಗೆ ಓಡುವುದು. ದಂಟುಗಳು ಮಾತ್ರ ತಮ್ಮ ಸಾಲಿನಲ್ಲಿಯೇ ತೂಗಿ ನಿಲ್ಲುವುವಲ್ಲವೆ? ಇದೂ ಹಾಗೆಯೇ. ಈ ಸುತ್ತು ಮೇಲ್ಮೈಯಲ್ಲಿ ದೊಡ್ಡದು, ಕೆಳಗಿಳಿದಂತೆ ಕಿರಿದು. ಒಂದು ತೆರೆಯ ನೆತ್ತಿಯಿಂದ ಮುಂದಿನ ತೆರೆಯ ನೆತ್ತಿಗಿರುವ ದೂರದ ಅರ್ಧದಷ್ಟು ಆಳಕ್ಕೆ ಹೋದರೆ ಅಲ್ಲಿ ತೆರೆಯ ಸುಳಿವೇ ಇಲ್ಲವೆನ್ನಬಹುದು.

ಸೆಳವಿನ ಸ್ವಭಾವವೇ ಬೇರೆ. ಚಂದ್ರಸೂರ್ಯರ ಆಕರ್ಷಣೆಯಿಂದ ಕಡಲು ಏರುವುದು, ಇಳಿಯುವುದು. ಇದನ್ನು ಕರಾವಳಿಯವರು ಭರತ, ಇಳಿತ ಎನ್ನುವರು. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು ೧೨ ಗಂಟೆ ೨೫ ನಿಮಿಷ. ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ ಏರಿಳಿತ ಹೆಚ್ಚು, ಅಷ್ಟಮಿಯ ಸುಮಾರಿಗೆ ಕಡಿಮೆ. ಹೀಗೆ ಏರಿಳಿಯುವ ನೀರು ಇಕ್ಕಟ್ಟಾದ ದಾರಿಯಲ್ಲಿ ನುಗ್ಗಿದಾಗ ಅಲ್ಲಿ ಸೆಳವು ಹುಟ್ಟುವುದು. ಇಲ್ಲಿ ನಿಜವಾಗಿಯೂ ನೀರೇ ಹರಿಯುವುದು, ಮೇಲಿನಿಂದ ತಳದವರೆಗೂ ಹರಿಯುವುದು. ತೆರೆ ಯಾವಾಗ ಬಂದೀತೆಂಬುದನ್ನು ಕೆಲವು ದಿನ ಮುಂಚೆ ಮಾತ್ರ ಹೇಳಬಹುದು. ಸೆಳವನ್ನಾದರೋ ಗ್ರಹಣದಂತೆ ವರ್ಷಗಳ ಮುಂಚೆಯೇ ಲೆಕ್ಕ ಹಾಕಿಡಬಹುದು.

ಈ ತಿರುಗಿಬರುವ ನೀರಿನ ಅನುಭವವುಳ್ಳವರು ನಮ್ಮ ಸಿಂಧನೂರು ತಾಲೂಕಿನಲ್ಲಿಯೇ ಇದ್ದಾರೆಂದರೆ ಕೆಲವರಿಗೆ ಸೋಜಿಗವಾದೀತು. ೧೯೭೦ರ ಆಚೀಚೆಗೆ ಪೂರ್ವಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೆ ಸರ್ಕಾರವು ಇಲ್ಲಿ ಭೂಮಿ ಕೊಟ್ಟು ನೆಲೆ ಮಾಡಿತು. ಆ ಊರುಗಳನ್ನು ಈಗಲೂ ಆರ್.ಎಚ್. ಕ್ಯಾಂಪುಗಳೆಂದೇ ಕರೆಯುವರು. ಅಲ್ಲಿಯ ವೃದ್ಧರೊಬ್ಬರು ನನಗೆ ಬಹುಕಾಲದ ಸ್ನೇಹಿತರು. ಊರೆಲ್ಲ ಅವರನ್ನು ದಾದಾ ಎನ್ನುವುದು. ಹುಡುಗರಾಗಿದ್ದಾಗ ಅವರು ತಮ್ಮ ತಂದೆಯೊಂದಿಗೆ ಖುಲ್ನಾ ಕಡೆಯ ಹೊಳೆಗಳಲ್ಲಿ ದೋಣಿ ನಡೆಸಿದವರು. ನಮ್ಮ ಎಡದಂಡೆ ಕಾಲುವೆಯ ಏರಿಯ ಮೇಲೆ ಕುಳಿತು ಒಂದು ಸಂಜೆ ಅವರೆಂದರು: “ಮಾಸ್ತರ, ಈ ನೀರು ಒಂದಾ ಕಡಿ ಹೊಕ್ಕೈತಿ. ನಮ್ಮೂರಾಗ ಹ್ವಾದ ನೀರು ಮತ್ತ ತಿರುಗಿ ಬರ್ತಿತ್ತು. ಹೋಗೂದು ಭಾಟಾ, ಬರೂದು ಜೋಯಾರ್.” ಎದುರು ನೀರಿನಲ್ಲಿ ಹುಟ್ಟುಹಾಕಿ ದಣಿಯುವುದರ ಬದಲು, ದೋಣಿಯನ್ನು ದಡಕ್ಕೆ ಕಟ್ಟಿ ಅನ್ನ ಮಾಡಿಕೊಂಡು ಉಂಡು, ನೀರು ತಿರುಗುವವರೆಗೆ ಕಾಯುತ್ತಿದ್ದರಂತೆ. ಆದರೆ ನೀರು ಅನುಕೂಲವಾಗಿದ್ದರೂ ಗಾಳಿ ಎದುರಾಗಿದ್ದರೆ ಅವರ ತಂದೆ ದೋಣಿ ಬಿಚ್ಚುತ್ತಿರಲಿಲ್ಲವಂತೆ. ನೀರು ಒಂದು ಕಡೆಗೆ, ಗಾಳಿ ಇನ್ನೊಂದು ಕಡೆಗೆ ಎಳೆಯುವ ಹೊತ್ತಿನಲ್ಲಿ ಹೊಳೆಯ ಮೈಯೆಲ್ಲ ಕೋಡುಗಳು ಮೂಡುತ್ತಿದ್ದುವೆಂದು ಹೇಳಿ, ದಾದಾ ತಮ್ಮ ಎರಡೂ ಕೈಗಳ ಬೆರಳನ್ನು ನಿಮಿರಿಸಿ ತೋರಿಸಿದರು.

ಅವರು ಹೇಳಿದ್ದರ ಸಣ್ಣ ರೂಪವನ್ನು ನಮ್ಮ ಕಾಲುವೆಯಲ್ಲಿಯೇ ಕಾಣಬಹುದು. ತುಂಗಭದ್ರೆಯ ಎಡದಂಡೆ ಕಾಲುವೆಯು ಮುನಿರಾಬಾದಿನಿಂದ ಹೊರಟು ಸುತ್ತಿಬಳಸಿ ಈಶಾನ್ಯಾಭಿಮುಖವಾಗಿ ರಾಯಚೂರಿನ ಕಡೆಗೆ ಸಾಗುವುದು. ಆಷಾಢದ ಗಾಳಿ ಪಡುವಣದಿಂದ ಬೀಸುವುದರಿಂದ ಬಹುಮಟ್ಟಿಗೆ ನೀರಿನ ಜೊತೆಯಲ್ಲಿಯೇ ಹೋಗುವುದು. ಗಾಳಿ ಎಷ್ಟು ಬಿರುಸಾಗಿದ್ದರೂ ನೀರಿನ ಮೇಲೆ ಉದ್ದುದ್ದನೆಯ ಸೌಮ್ಯವಾದ ಅಲೆಗಳು. ಕಾರ್ತಿಕದಲ್ಲಿ ಮೂಡಣ ಗಾಳಿ ತಿರುಗಿದ ಮೇಲೆ, ಗಾಳಿ ಅಷ್ಟು ಬಲವಾಗಿಲ್ಲದಿದ್ದರೂ ನೀರು ಒರಟೊರಟಾಗಿ ಎದ್ದು ನಿಲ್ಲುವುದು. ಗಾಳಿ ನೀರುಗಳು ಜೊತೆಯಾಗಿ ಓಡುವಾಗ ಅವುಗಳ ನಡುವಣ ವೇಗವು ಕಳೆಯುವುದು, ಎದುರುಬದುರಾದಾಗ ಕೂಡುವುದು. ಲಿಂಗಸುಗೂರು ತಾಲೂಕಿನಲ್ಲಿ, ಜಲದುರ್ಗದ ಆಸುಪಾಸಿನ ಕೃಷ್ಣೆಯ ನಡುಗಡ್ಡೆಗಳಿಗೆ ಹರಿಗೋಲು ಹಾಕುವವರನ್ನು ಕೇಳಿದರೆ ಅವರೂ ಇದನ್ನೇ ಹೇಳುವರು: ಹೊಳೆಯೊಂದಕ್ಕೆ ಹೆದರಬೇಕಾಗಿಲ್ಲ, ಗಾಳಿಯೊಂದಕ್ಕೆ ಹೆದರಬೇಕಾಗಿಲ್ಲ, ಎರಡೂ ಜಗಳವಾಡುವ ಹೊತ್ತಿಗೆ ಹೆದರಬೇಕು.

ಕಡಲಿನಲ್ಲಿ ಈ ಜಗಳವು ಎಷ್ಟು ದೊಡ್ಡದೆಂಬುದನ್ನು ಮಗಳನ್ನು ನೋಡಲು ಹೋದಾಗ ಮಂಗಳೂರಿನ ಅಳಿವೆಬಾಗಿಲಲ್ಲಿ ಕಂಡೆನು. ನೇತ್ರಾವತಿ, ಗುರುಪುರ ಎರಡೂ ಹೊಳೆಗಳು ಅಲ್ಲಿ ಒಂದೇ ಬಾಯಿಂದ ಕಡಲನ್ನು ಸೇರುವುವು. ಅದು ಇಳಿತದ ವೇಳೆ. ಹೊಳೆಯ ನೀರೂ ಕಡಲಿಗೆ ಹಿಂದಿರುಗುವ ನೀರೂ ಸೇರಿ ಹೊರಗೆ ನುಗ್ಗುತ್ತಿದ್ದುವು. ಹೊರಗಿನ ಕಡಲು ಶಾಂತವಾಗಿಯೇ ಇದ್ದಿತು; ಅಗಲವಾದ ತಗ್ಗಾದ ತೆರೆಗಳು ಒಂದರ ಹಿಂದೊಂದು ಬರುತ್ತಿದ್ದುವು. ಅದೇ ತೆರೆಗಳು ಅಳಿವೆಯ ಬಾಯಿಗೆ ಬಂದೊಡನೆ ಒತ್ತೊತ್ತಾಗಿ, ಎತ್ತರವಾಗಿ, ಗೋಡೆಯಂತೆ ನಿಂತು ಮುರಿದು ಬೀಳುತ್ತಿದ್ದುವು. ಮೀನಿನ ದೋಣಿಗಳೆರಡು ಹೊರಗಡೆಯೇ ಕಾಯುತ್ತಿದ್ದುವು. ಕರ್ನಾಟಕದ ಅಳಿವೆಗಳಲ್ಲಿ ದೋಣಿ ಮಗುಚಿ ಪ್ರಾಣಹಾನಿಯಾದ ಸುದ್ದಿಯನ್ನು ವೃತ್ತಪತ್ರಿಕೆಗಳಲ್ಲಿ ಎಷ್ಟೋ ಬಾರಿ ಓದಿದ್ದೆ. ನಡುಗಡಲಿನ ಅಪಾಯಗಳನ್ನೆಲ್ಲ ದಾಟಿ ಬಂದವರು, ಮನೆಯ ದೀಪ ಕಾಣುವಷ್ಟು ಹತ್ತಿರದಲ್ಲಿ ಮುಳುಗುವುದೇಕೆಂಬುದು ಅಂದು ನನಗೆ ಅರ್ಥವಾಯಿತು.

ಕಾರಣವನ್ನು ಮಗಳು ಜಾತ್ರೆಯ ಹೋಲಿಕೆಯಿಂದ ವಿವರಿಸಿದಳು. ಅಂಬಾಮಠದ ಜಾತ್ರೆಯಲ್ಲಿ ಜನ ಸಾಲುಸಾಲಾಗಿ ಗುಡಿಯತ್ತ ನಡೆಯುತ್ತಿರುವಾಗ, ದರ್ಶನ ಮುಗಿಸಿದವರ ಗುಂಪು ಎದುರು ಬಂದಿತೆಂದಿಟ್ಟುಕೊಳ್ಳಿ. ಮುಂದಿನವರ ನಡಿಗೆ ನಿಧಾನವಾಗುವುದು. ಹಿಂದಿನವರು ಮೊದಲಿನ ವೇಗದಲ್ಲಿಯೇ ಬರುತ್ತಿರುವರು. ಸಾಲು ಸಾಲಿಗೆ ಇದ್ದ ಅಂತರ ಕಿರಿದಾಗುವುದು. ತೆರೆಗೂ ಹೀಗೆಯೇ. ಅಂತರ ಕಿರಿದಾದ ಮೇಲೆ ಅದರಲ್ಲಿಯ ಶಕ್ತಿಯು ಪಕ್ಕಕ್ಕೆ ಹೋಗಲಾರದೆ ಮೇಲಕ್ಕೇಳುವುದು. ಇಷ್ಟೇ ಅಲ್ಲ, ಎದುರು ಸೆಳವಿನೊಡನೆ ಹೆಣಗುವ ತೆರೆಯು ಆ ಸೆಳವಿನಿಂದಲೇ ಶಕ್ತಿಯನ್ನು ಕಸಿದುಕೊಂಡು ಇನ್ನೂ ಬೆಳೆಯುವುದೆಂದು ಲಾಂಗೆಟ್-ಹಿಗಿನ್ಸ್, ಸ್ಟೀವರ್ಟ್ ಎಂಬ ಇಬ್ಬರು ವಿದ್ವಾಂಸರು ೧೯೬೦ರ ದಶಕದ ಮೊದಲಲ್ಲಿ ಗಣಿತದಿಂದ ತೋರಿಸಿಕೊಟ್ಟರು. ಸೆಳವು ತೆರೆಯ ಜೊತೆಯಲ್ಲಿಯೇ ಹರಿದರೆ ಎಲ್ಲವೂ ವಿಪರೀತ: ತೆರೆ ಉದ್ದವಾಗುವುದು, ತಗ್ಗುವುದು, ಸೌಮ್ಯವಾಗುವುದು. ಆದ್ದರಿಂದಲೇ ಅನುಭವವುಳ್ಳ ಬೆಸ್ತರು ಭರತದ ನೀರು ಒಳಗೆ ಹರಿಯುವವರೆಗೆ ಕಾಯುವುದು.

ಎದುರು ಸೆಳವಿಗೂ ಒಂದು ಮೇರೆಯುಂಟು. ಎಂಟು ಸೆಕೆಂಡಿಗೊಂದರಂತೆ ಬರುವ ತೆರೆಯು ಆಳವಾದ ನಿಂತ ನೀರಿನಲ್ಲಿ ಸೆಕೆಂಡಿಗೆ ಸುಮಾರು ೧೨.೫ ಮೀಟರು ಓಡುವುದು. ಆದರೆ ಅದರ ಶಕ್ತಿಯು ಓಡುವುದು ಅದರ ಅರ್ಧ ವೇಗದಿಂದ ಮಾತ್ರ. ಎದುರು ಸೆಳವಿನಲ್ಲಿ ತೆರೆ ಗಿಡ್ಡದಾದಂತೆ ಅದರ ವೇಗವೂ ಕುಗ್ಗುತ್ತ ಹೋಗುವುದು. ಹೀಗಾಗಿ ಮೊದಲಿನ ವೇಗದ ಕಾಲುಭಾಗದಷ್ಟು, ಅಂದರೆ ಸೆಕೆಂಡಿಗೆ ಸುಮಾರು ೩.೧ ಮೀಟರು ಸೆಳವು ಎದುರಾದರೆ ಸಾಕು, ಆ ತೆರೆಯು ಮುಂದರಿಯಲಾರದೆ ಅಲ್ಲಿಯೇ ಮುರಿಯುವುದು. ನಾಲ್ಕು ಸೆಕೆಂಡಿನ ಸಣ್ಣ ತೆರೆಯನ್ನು ತಡೆಯಲು ಅದರ ಅರ್ಧದಷ್ಟು ಸೆಳವೇ ಸಾಕು. ಅಳಿವೆಯಲ್ಲಿ ಮರಳಿನ ದಿಣ್ಣೆಯಿಂದ ಆಳವೂ ಕಡಿಮೆಯಾಗುವುದರಿಂದ ಕಷ್ಟವು ಇಮ್ಮಡಿಯಾಗುವುದು.

ಇನ್ನು ಯಂತ್ರಗಳ ವಿಚಾರಕ್ಕೆ ಬರೋಣ. ಮನುಷ್ಯನು ಮೊದಲು ಈ ಎರಡು ಶಕ್ತಿಗಳನ್ನು ಬೇರೆಬೇರೆಯಾಗಿಯೇ ಹಿಡಿಯಲು ಹೊರಟನು. ಫ್ರಾನ್ಸ್ ದೇಶದ ರಾನ್ಸ್ ನದಿಯ ಬಾಯಿಗೆ ಕಟ್ಟೆ ಕಟ್ಟಿ, ಏರಿಳಿತದ ನೀರಿನಿಂದ ೨೪೦ ಮೆಗಾವ್ಯಾಟ್ ಸಾಮರ್ಥ್ಯದ ಕೇಂದ್ರವನ್ನು ೧೯೬೬ರಲ್ಲಿ ಆರಂಭಿಸಿದರು. ಕೊರಿಯಾದ ಸಿಹ್ವಾ ಎಂಬಲ್ಲಿ ೨೦೧೧ರಲ್ಲಿ ೨೫೪ ಮೆಗಾವ್ಯಾಟಿನ ಇನ್ನೊಂದು ಆಯಿತು. ತೆರೆಯ ಕಡೆಗೆ ನಮ್ಮ ದೇಶದವರೂ ಕೈಹಾಕಿದರು. ಕೇರಳದ ವಿಳಿಂಜಂನಲ್ಲಿ ಮದರಾಸಿನ ಐ.ಐ.ಟಿ.ಯವರು ೧೯೯೧ರಲ್ಲಿ ೧೫೦ ಕಿಲೋವ್ಯಾಟಿನ ಒಂದು ಸ್ಥಾವರವನ್ನು ನಡೆಸಿದರು. ಕಡಲಿಗೆ ಬಾಯಿ ತೆರೆದ ಒಂದು ಕಾಂಕ್ರೀಟಿನ ಕೋಣೆ. ತೆರೆ ಒಳಗೇರಿದಾಗ ಗಾಳಿಯನ್ನು ಮೇಲಕ್ಕೆ ನೂಕುವುದು, ಇಳಿದಾಗ ಒಳಕ್ಕೆಳೆಯುವುದು. ಕುಲುಮೆಯ ತಿದಿಯಂತೆ ಹೋಗಿಬರುವ ಆ ಗಾಳಿಯಿಂದ ಚಕ್ರ ತಿರುಗುವುದು. ಗಾಳಿ ಯಾವ ಕಡೆಗೆ ಬೀಸಿದರೂ ಚಕ್ರ ಮಾತ್ರ ಒಂದೇ ಕಡೆಗೆ ತಿರುಗುವ ಉಪಾಯವನ್ನು ಅದರಲ್ಲಿ ಮಾಡಿದ್ದರು. ಆ ಸ್ಥಾವರವು ಈಗ ನಡೆಯುತ್ತಿಲ್ಲ.

ಇತ್ತೀಚಿನ ಮಾರ್ಗವೆಂದರೆ, ಕಟ್ಟೆಯ ಗೊಡವೆಯಿಲ್ಲದೆ, ಗದಗ ಕೊಪ್ಪಳಗಳ ಕಡೆ ಗಾಳಿಯಲ್ಲಿ ನಿಲ್ಲಿಸಿದಂಥ ಚಕ್ರಗಳನ್ನು ಕಡಲ ತಳದಲ್ಲಿ ಸೆಳವಿಗೆ ಒಡ್ಡುವುದು. ನೀರು ಗಾಳಿಗಿಂತ ಸುಮಾರು ೮೦೦ ಪಾಲು ಭಾರವಾದುದರಿಂದ ಸಣ್ಣ ಚಕ್ರವೂ ದೊಡ್ಡ ಕೆಲಸ ಮಾಡುವುದು. ಸ್ಕಾಟ್ಲೆಂಡಿನ ಉತ್ತರ ತುದಿಯಲ್ಲಿ, ಪೆಂಟ್ಲೆಂಡ್ ಜಲಸಂಧಿಯಲ್ಲಿ, ಮೇಜೆನ್ ಎಂಬ ಯೋಜನೆಯವರು ೧.೫ ಮೆಗಾವ್ಯಾಟಿನ ಇಂಥ ನಾಲ್ಕು ಚಕ್ರಗಳನ್ನು ಇಟ್ಟಿದ್ದಾರೆ. ಆ ಜಲಸಂಧಿಯೇ ನಮ್ಮ ವಿಷಯಕ್ಕೆ ದೊಡ್ಡ ನಿದರ್ಶನ. ಅಲ್ಲಿ ಇಳಿತದ ಸೆಳವು ಪಡುವಣಕ್ಕೆ ನುಗ್ಗುವಾಗ, ಅಟ್ಲಾಂಟಿಕ್ ಸಾಗರದ ತೆರೆಗಳು ಎದುರು ಬಂದು ಕಾದಾಡುವ ಒಂದು ಸ್ಥಳವನ್ನು ನಾವಿಕರು ಮೇ ಎಂಬ ಊರಿನ ಹೆಸರಿನಿಂದ ‘ಮೇಯ ಉಲ್ಲಾಸದ ಗಂಡುಗಳು’ ಎಂದು ಕರೆದಿದ್ದಾರೆ. ಹೆಸರೇನೋ ವಿನೋದದ್ದು, ದೋಣಿಗಳಿಗೆ ಮಾತ್ರ ಆ ಕುಣಿತವು ಮೃತ್ಯುವಿನ ಕುಣಿತ.

ಚಕ್ರವನ್ನು ತಳದಲ್ಲಿಟ್ಟರೆ ಮೇಲಣ ತೆರೆಯಿಂದ ಅದಕ್ಕೇನು ಎಂದು ಕೇಳಬಹುದು. ತೆರೆ ಉದ್ದವಾಗಿದ್ದರೆ ಅದರ ಸುತ್ತು ಚಕ್ರದ ಆಳದವರೆಗೂ ಮುಟ್ಟುವುದು. ಸೆಳವಿನಿಂದ ದೊರೆಯುವ ಶಕ್ತಿಯು ವೇಗದ ಘನವನ್ನು ಅನುಸರಿಸುವುದು. ವೇಗ ಇಮ್ಮಡಿಯಾದರೆ ಶಕ್ತಿ ಎಂಟುಮಡಿ. ಸೆಳವು ಸೆಕೆಂಡಿಗೆ ೨ ಮೀಟರಿದ್ದು, ತೆರೆಯು ಅದಕ್ಕೆ ಒಮ್ಮೆ ಅರ್ಧ ಮೀಟರನ್ನು ಕೂಡಿಸಿ ಮರುಗಳಿಗೆಯಲ್ಲಿ ಅಷ್ಟನ್ನೇ ಕಳೆಯಿತೆನ್ನೋಣ. ತೆರೆಯಿಲ್ಲದಾಗ ೮ ಪಾಲು ಇದ್ದ ಶಕ್ತಿ ಒಮ್ಮೆ ೧೫ನ್ನು ಮೀರುವುದು, ಒಮ್ಮೆ ೩ರ ಹತ್ತಿರಕ್ಕೆ ಇಳಿಯುವುದು. ಸರಾಸರಿ ನೋಡಿದರೆ ಲಾಭವೇ ತುಸು ಹೆಚ್ಚು. ಆದರೆ ಎಂಟು ಸೆಕೆಂಡಿಗೊಮ್ಮೆ ಹೀಗೆ ಎಳೆದು ಬಿಟ್ಟರೆ ದಿನಕ್ಕೆ ೧೦,೮೦೦ ಸಲ ಆ ಚಕ್ರದ ಎಲೆಗಳು ಬಾಗಿ ನೇರವಾಗಬೇಕು. ಎಷ್ಟು ಗಟ್ಟಿಯಾದ ತಂತಿಯಾದರೂ ಹಿಂದುಮುಂದೆ ಬಾಗಿಸುತ್ತಿದ್ದರೆ ಕಡೆಗೆ ಮುರಿಯುವುದನ್ನು ಯಾರು ತಾನೆ ಕಂಡಿಲ್ಲ? ತೆರೆಯಿಂದ ಶಕ್ತಿ ಪಡೆಯುವ ಯಂತ್ರಕ್ಕೂ ಇದೇ ಪಾಡು: ಒಂದು ಅಳತೆಯ ತೆರೆಗೆಂದು ಹದಮಾಡಿ ಇಟ್ಟರೆ, ಆರು ಗಂಟೆಗೊಮ್ಮೆ ಸೆಳವು ತಿರುಗಿ ಅದೇ ತೆರೆಯನ್ನು ಒಮ್ಮೆ ಗಿಡ್ಡವಾಗಿಯೂ ಒಮ್ಮೆ ಉದ್ದವಾಗಿಯೂ ಮಾಡುವುದು. ಆರ್ಕ್ನಿ ದ್ವೀಪಗಳಲ್ಲಿ ೨೦೦೩ರಲ್ಲಿ ಸ್ಥಾಪಿತವಾದ ಪರೀಕ್ಷಾಕೇಂದ್ರದಲ್ಲಿ ತೆರೆಯ ಯಂತ್ರಗಳಿಗೊಂದು ಸ್ಥಳ, ಸೆಳವಿನ ಯಂತ್ರಗಳಿಗೊಂದು ಸ್ಥಳ ಎಂದು ಬೇರೆಬೇರೆ ಮಾಡಿದ್ದಾರೆ. ಆದರೆ ಕಡಲು ಮನುಷ್ಯನ ವಿಭಾಗವನ್ನು ಒಪ್ಪದು. ಸೆಳವನ್ನು ಒಂದು ಪುಸ್ತಕದಲ್ಲಿ, ತೆರೆಯನ್ನು ಇನ್ನೊಂದು ಪುಸ್ತಕದಲ್ಲಿ ಬರೆದು ಕಡೆಗೆ ಮೊತ್ತ ಹಾಕಿದರೆ, ಆ ಲೆಕ್ಕ ಕಾಗದದ ಮೇಲೆ ಸರಿ, ನೀರಿನಲ್ಲಿ ತಪ್ಪು. ಮಗಳ ಸಂಶೋಧನೆಯ ತಿರುಳು ಇಷ್ಟೇ.

ಇದರಿಂದ ನಮ್ಮ ನಾಡಿಗೆ ಏನು ಬಂದೀತು? ಅತಿಶಯೋಕ್ತಿ ಸಲ್ಲದು. ಮಂಗಳೂರಿನ ತೀರದಲ್ಲಿ ದೊಡ್ಡ ಭರತದ ದಿನವೂ ಏರಿಳಿತ ಸುಮಾರು ಒಂದೂವರೆ ಮೀಟರು ಮಾತ್ರ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಾದರೆ ಅದು ಹತ್ತು ಮೀಟರನ್ನು ಮೀರುವುದು. ಬಂಗಾಳದ ಸುಂದರಬನದಲ್ಲಿ ದುರ್ಗಾದುವಾನಿ ಎಂಬ ಹೊಳೆಗೆ ೩.೭೫ ಮೆಗಾವ್ಯಾಟಿನ ಯೋಜನೆ ಹಾಕಿ, ಖರ್ಚು ಮಿತಿಮೀರಿದುದರಿಂದ ಕೈಬಿಟ್ಟರು. ನಮ್ಮ ತೀರದ ನಿಧಿಯೆಂದರೆ ಮಳೆಗಾಲದ ತೆರೆ; ಆಗ ಅದು ಮೂರು ಮೀಟರಿಗೂ ಮೇಲೇಳುವುದು, ಬೇಸಿಗೆಯಲ್ಲಿ ಒಂದು ಮೀಟರಿನ ಆಚೀಚೆಗೆ ಇಳಿಯುವುದು. ಮೋಡ ಮುಚ್ಚಿ ಬಿಸಿಲಿನ ವಿದ್ಯುತ್ತು ಕುಗ್ಗುವ ತಿಂಗಳುಗಳಲ್ಲಿಯೇ ಅದು ಉಕ್ಕುವುದೆಂಬುದು ಒಂದು ಸಮಾಧಾನ. ನಮ್ಮ ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ ೧೯೮೫ರಿಂದ ಕಲ್ಲಿದ್ದಲನ್ನು ಉರಿಸಿ ನಾಡಿಗೆಲ್ಲ ಬೆಳಕು ಕೊಡುತ್ತಿದ್ದೇವೆ; ಅದರ ಬೂದಿಯ ರಾಶಿಯನ್ನು ಕಣ್ಣಾರೆ ಕಂಡವರಿಗೆ ಉರಿಯಿಲ್ಲದ, ಹೊಗೆಯಿಲ್ಲದ ಯಾವ ಬೆಳಕೂ ಸಣ್ಣದೆನಿಸದು.

ಕಡೆಗೆ ಅವ್ವನನ್ನು ಒಪ್ಪಿಸಿದ್ದು ಈ ಯಾವ ಲೆಕ್ಕವೂ ಅಲ್ಲ. ರಜೆಗೆ ಬಂದ ಮೊಮ್ಮಗಳನ್ನು ಆಕೆ ನೇರವಾಗಿ ಕೇಳಿದಳು: “ಅಲ್ಲಿ ಕಲ್ತದ್ದು ನಮ್ಮ ಕಾಲುವಿಗೆ ಬರ್ತದೇನವ್ವ?” ಬರುತ್ತದೆಂದಳು ಮಗಳು. ಕಡಲಿನ ಸೆಳವನ್ನು ಅಳೆಯಲು ನೀರಿನೊಳಕ್ಕೆ ಶಬ್ದವನ್ನು ಬಿಡುವ ಒಂದು ಸಾಧನವುಂಟು. ನೀರಿನಲ್ಲಿ ತೇಲುವ ಧೂಳಿನಂಥ ಕಣಗಳಿಗೆ ತಾಗಿ ಆ ಶಬ್ದ ಹಿಂದಿರುಗುವುದು. ರೈಲು ಹತ್ತಿರ ಬರುವಾಗ ಅದರ ಸಿಳ್ಳು ಏರುದನಿಯಾಗಿಯೂ, ದೂರ ಹೋಗುವಾಗ ಇಳಿದನಿಯಾಗಿಯೂ ಕೇಳಿಸುವುದಲ್ಲವೆ? ಹಾಗೆಯೇ ಹಿಂದಿರುಗಿದ ಶಬ್ದದ ಶ್ರುತಿಯಿಂದ, ಮೇಲಿನಿಂದ ತಳದವರೆಗೆ ನೀರು ಎಷ್ಟೆಷ್ಟು ವೇಗವಾಗಿ ಹರಿಯುತ್ತಿದೆಯೆಂದು ತಿಳಿಯಬಹುದು. ಇದೇ ಸಾಧನದಿಂದ ಕಾಲುವೆಯ ನೀರನ್ನೂ ಅಳೆಯುವರು. ಗೇಜಿನ ಕಲ್ಲು ನೀರಿನ ಎತ್ತರವನ್ನು ಮಾತ್ರ ಹೇಳುವುದು. ಹೂಳು ತುಂಬಿದ ಕಾಲುವೆಯಲ್ಲಿ ಎತ್ತರ ಸರಿಯಿದ್ದೂ ಹರಿವು ಕಡಿಮೆಯಿರಬಹುದು. ಮೇಲ್ಭಾಗದಲ್ಲಿ ಎಷ್ಟು ಹೋಯಿತು, ಮಸ್ಕಿಯ ಆಚೆಗೆ ಎಷ್ಟು ಬಂದಿತು ಎಂಬ ಜಗಳವು ಪ್ರತಿ ವರ್ಷವೂ ಎತ್ತರದ ಲೆಕ್ಕದ ಮೇಲೆಯೇ ನಡೆಯುತ್ತ ಬಂದಿದೆ. ಇದನ್ನು ಕೇಳಿ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಹೋಗಿ ಬಾ. ಆದ್ರ ಅಳತಿ ಕಲ್ತು ಮರೀಬ್ಯಾಡ” ಎಂದಳು. ಮಗಳು ಹೊರಟು ಹೋಗಿ ಈಗ ಆರು ತಿಂಗಳಾದುವು.

ದೂರದ ನೀರಿನ ವಿದ್ಯೆಯು ಹತ್ತಿರದ ಹೊಲಕ್ಕೆ ಉಪಯೋಗವಾದೀತೆಂಬುದು ಒಂದು ಲಾಭ. ಅದಕ್ಕಿಂತಲೂ ದೊಡ್ಡದಾದ ಇನ್ನೊಂದು ಲಾಭವು ಈ ವಿಷಯದಲ್ಲಿ ನನಗೆ ಕಂಡಿದೆ. ಖುಲ್ನಾದ ದೋಣಿಕಾರನೂ, ಕೃಷ್ಣೆಯ ಹರಿಗೋಲಿನವನೂ, ಅಳಿವೆಯ ಬೆಸ್ತನೂ ಗಣಿತವನ್ನು ಓದಿದವರಲ್ಲ. ಆದರೆ ಗಾಳಿ ಎಷ್ಟು, ನೀರು ಎಷ್ಟು ಎಂದು ಬೇರೆಬೇರೆ ಕೇಳದೆ, ಈ ಹೊತ್ತಿನಲ್ಲಿ ಒಂದು ಇನ್ನೊಂದಕ್ಕೆ ಏನು ಮಾಡುತ್ತಿದೆಯೆಂದು ಕೇಳಿದವರು. ಅವರ ಪ್ರಾಣವು ಆ ಪ್ರಶ್ನೆಯ ಮೇಲೆ ನಿಂತಿತ್ತು. ಕೋಟ್ಯಂತರ ರೂಪಾಯಿಯ ಯಂತ್ರವನ್ನು ಕಡಲಿಗಿಳಿಸುವವರೂ ಕಡೆಗೆ ಅದೇ ಪ್ರಶ್ನೆಗೆ ಬಂದು ನಿಂತಿದ್ದಾರೆ. ಅದನ್ನು ಕೇಳುವುದಕ್ಕೆ ಕಡಲ ತೀರದಲ್ಲಿಯೇ ಹುಟ್ಟಬೇಕೆಂಬ ನಿಯಮವೇನೂ ಇಲ್ಲ. ಕಾಲುವೆಯ ಏರಿಯ ಮೇಲೆ ನಿಂತು ಗಾಳಿಯ ದಿಕ್ಕನ್ನೂ ನೀರಿನ ದಿಕ್ಕನ್ನೂ ಒಟ್ಟಿಗೆ ನೋಡುವ ಅಭ್ಯಾಸವೊಂದಿದ್ದರೆ ಸಾಕು.